ರೈಲಿಗಿಂತ ಮೊದಲು ಬರೋ ಗಾಳಿ

ಭಾಗ 1

ಫೋಟೋದಲ್ಲಿರೋದು ಸಕಲೇಶಪುರ ಘಾಟಿಯ ಒಂದು ಸುರಂಗದ ಬಾಯಿ. ಓಡೋ ರೈಲಿನ ಕಿಟಕಿಯಿಂದ ತೆಗೆದದ್ದು, ಅದಕ್ಕೇ ವಸಿ ಅಲುಗಾಡಿದೆ, ಹೊಟ್ಟೆಗೆ ಹಾಕ್ಕೊಳ್ಳಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಥೆ ಹೇಳೋ ಪೇಜಲ್ಲಿ ಸುರಂಗಕ್ಕೇನು ಕೆಲಸ ಅಂತ ಕೇಳ್ತೀರಿ, ಗೊತ್ತು. ನಮ್ಮ ನಾಲ್ಕು ತಾಲ್ಲೂಕಲ್ಲಿ ರೈಲು ನಿಲ್ಲೋದೇ ಒಂದರಲ್ಲಿ. ಆದ್ರೆ ಆ ಒಂದು ಇದೆಯಲ್ಲ, ಕೆ.ಆರ್.ನಗರ, ಅಲ್ಲಿಂದ ರಾತ್ರಿ ಮಂಗಳೂರು ರೈಲು ಹತ್ತಿ ಮಲಗಿದ್ರೆ ನಡುರಾತ್ರಿಯಲ್ಲಿ ಒಂದು ಹೊತ್ತಿಗೆ ಸದ್ದು ಬದಲಾಗುತ್ತೆ. ಅಲ್ಲಿವರೆಗೂ ಬಯಲಲ್ಲಿ ಹರಡಿಹೋಗ್ತಿದ್ದ ಗಡಗಡ ಇದ್ದಕ್ಕಿದ್ದಂತೆ ಬೋಗಿಯೊಳಗೇ ಬಂದು ಕೂತ ಹಾಗೆ. ಕಿಟಕಿ ತೆರೆದಿದ್ರೆ ಮುಖಕ್ಕೆ ತಣ್ಣನೆ ಗಾಳಿ ಹೊಡೆಯುತ್ತೆ, ತೇವದ ಕಲ್ಲಿನ ವಾಸನೆ. ಸುರಂಗ ಬಂತು ಅಂತ ಪಕ್ಕದ ಮಕ್ಕಳು ಕೂಗ್ತಾರೆ.

ಆ ಗಾಳಿಯ ಇತಿಹಾಸವೇ ಈ ಸರಣಿ. ತಮಾಷೆಯಾಗಿ ಕಾಣಬಹುದು. ಆದ್ರೆ ಮೈಸೂರಿಗೆ ಬುಲೆಟ್ ರೈಲು, ಕಾಡಿನ ಕೆಳಗೆ ಸುರಂಗ ಅನ್ನೋ ಮಾತು ಪತ್ರಿಕೆಯಲ್ಲಿ ಆಗಾಗ ಬರ್ತಾನೇ ಇರುತ್ತಲ್ಲ, ಆಗ ಯಾರೂ ಕೇಳದ ಒಂದು ಪ್ರಶ್ನೆ ಈ ಗಾಳಿಯಲ್ಲೇ ಇದೆ.

ಭಾಗ 2

ಮೊದಲು ನಮ್ಮ ಹಳಿಯ ಕಥೆ. ಮೈಸೂರಿಂದ ಹಾಸನದ ಮೇಲೆ ಅರಸೀಕೆರೆಗೆ ಹೋಗುವ ಮಾರ್ಗ ತೆರೆದದ್ದು 1918ರಲ್ಲಿ. ಮೈಸೂರು ಸಂಸ್ಥಾನದ ಹಣದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲದ ಕೆಲಸ. ಆಗ ಕೃಷ್ಣರಾಜನಗರ ಅನ್ನೋ ಊರೇ ಇರಲಿಲ್ಲ, ಇದ್ದದ್ದು ಕಾವೇರಿ ದಡದ ಎಡತೊರೆ. ಬಯಲುಸೀಮೆಯ ಹಳಿ ಅದು. ಭತ್ತದ ಗದ್ದೆ, ನಾಲೆ, ಸೇತುವೆ ದಾಟಿಕೊಂಡು ಹೋಗುತ್ತೆ.

ಹಾಸನದಿಂದ ಕರಾವಳಿಗೆ ಇಳಿಸೋದು ಮಾತ್ರ ಬೇರೆಯೇ ಕೆಲಸ. ಆ ಕನಸು ಸ್ವಾತಂತ್ರ್ಯದ ಮುಂಚಿನದ್ದು, ಈಡೇರಿದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ನಲ್ಲಿ 57 ಸುರಂಗ! ಏರು 50ಕ್ಕೆ 1, ಅಂದ್ರೆ 50 ಮೀಟರ್ ಮುಂದೆ ಹೋದ್ರೆ 1 ಮೀಟರ್ ಮೇಲೆ. ಮೊದಲು ಮೀಟರ್ ಗೇಜ್. 1996ರಲ್ಲಿ ಬ್ರಾಡ್ ಗೇಜ್ ಮಾಡೋಕೆ ಅಂತ ನಿಲ್ಲಿಸಿದ್ರು. ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ, ಜನ ಹತ್ತಿದ್ದು 2007ರ ಡಿಸೆಂಬರ್‌ನಲ್ಲಿ. ಹತ್ತು ವರ್ಷದ ಮೇಲೆ ನಮ್ಮ ಕಡೆಯವರು ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಬಸ್ಸಲ್ಲೇ ಘಾಟಿ ತಿರುವಿಗೆ ವಾಂತಿ ಮಾಡ್ಕೊಂಡು ಹೋದದ್ದು ಮನೆಮನೆಯಲ್ಲೂ ನೆನಪಿರುತ್ತೆ.

ಆ ಘಾಟಿಯಲ್ಲಿ ರೈಲಿನ ವೇಗ ಗಂಟೆಗೆ ಸುಮಾರು 30 ಕಿ.ಮೀ. ನಾಳೆ ಎಂಥಾ ಹೊಸ ರೈಲು ಬಂದ್ರೂ ಆ ಏರು, ಆ ತಿರುವು ಅಲ್ಲೇ ಇರುತ್ತೆ. ಈ 30 ಅನ್ನೋ ಸಂಖ್ಯೆ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 3

ಸುರಂಗ ಖಾಲಿ ಅಂತ ನಾವು ಅಂದ್ಕೊಂಡಿರ್ತೀವಿ. ಖಾಲಿ ಅಲ್ಲ, ಗಾಳಿ ತುಂಬಿದೆ. ಒಂದೇ ಹಳಿಯ ಸುರಂಗ, ಅಡ್ಡಳತೆ 30 ಚದರ ಮೀಟರ್ ಅಂತ ಲೆಕ್ಕಕ್ಕೆ ಹಿಡೀರಿ. 1 ಕಿ.ಮೀ. ಉದ್ದ ಇದ್ರೆ ಒಳಗಿನ ಗಾಳಿಯ ತೂಕ ಸುಮಾರು 35 ಟನ್ ಆಗುತ್ತೆ. ಎರಡು ಮೂರು ಲಾರಿ ಭತ್ತದಷ್ಟು! ರೈಲು ಒಳಗೆ ನುಗ್ಗೋದು ಅಂದ್ರೆ ಆ ತೂಕವನ್ನ ತಳ್ಳೋದು. ಬಯಲಲ್ಲಾದ್ರೆ ಗಾಳಿ ಎಡಕ್ಕೋ ಬಲಕ್ಕೋ ಸರಿದು ದಾರಿ ಬಿಡುತ್ತೆ. ಸುರಂಗದಲ್ಲಿ ಗೋಡೆ ಇದೆ, ಸರಿಯೋಕೆ ಜಾಗ ಇಲ್ಲ. ಒಂದಷ್ಟು ಗಾಳಿ ರೈಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹಿಂದಕ್ಕೆ ನುಸುಳುತ್ತೆ, ಉಳಿದದ್ದು ಮುಂದಕ್ಕೆ ಒತ್ತಿಕೊಂಡು ಹೋಗುತ್ತೆ. ಸೈಕಲ್ ಪಂಪಿನ ಕೆಲಸವೂ ಇದೇ ಅಲ್ವಾ?

ಬೆಂಗಳೂರಿನ ಮೆಟ್ರೋದಲ್ಲಿ ಓಡಾಡೋ ನಮ್ಮೂರ ಹುಡುಗ ಹುಡುಗಿಯರಿಗೆ ಇದು ದಿನಾ ಗೊತ್ತಾಗುತ್ತೆ. 2016ರಲ್ಲಿ ಕಬ್ಬನ್ ಪಾರ್ಕ್‌ನಿಂದ ಮಾಗಡಿ ರೋಡ್‌ವರೆಗೆ ನೆಲದಡಿಯ ಭಾಗ ತೆರೆದ ಮೇಲೆ ಮೆಜೆಸ್ಟಿಕ್‌ನ ಕೆಳಗಿನ ಪ್ಲಾಟ್‌ಫಾರ್ಮಲ್ಲಿ ನಿಂತವರಿಗೆ ರೈಲಿನ ದೀಪ ಕಾಣೋಕೆ ಮುಂಚೆಯೇ ಗಾಳಿ ಬೀಸುತ್ತೆ. ದುಪಟ್ಟಾ ಹಾರುತ್ತೆ, ಕೂದಲು ಹಾರುತ್ತೆ, ಆಮೇಲೆ ರೈಲು. ಮೊಬೈಲ್ ನೋಡ್ತಾ ನಿಂತವರೂ ತಲೆ ಎತ್ತದೆ ಬ್ಯಾಗ್ ಹೆಗಲಿಗೇರಿಸ್ಕೊಳ್ತಾರೆ.

ಈ ತಳ್ಳುವಿಕೆಯನ್ನೇ ದುಡಿಸ್ಕೊಳ್ಳೋಣ ಅಂತ ಹೊರಟವರೂ ಇದ್ರು. 1870ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಸ್ತೆಯ ಕೆಳಗೆ ಆಲ್ಫ್ರೆಡ್ ಈಲಿ ಬೀಚ್ ಎಂಬಾತ ಸುಮಾರು 95 ಮೀಟರ್ ಸುರಂಗ ತೋಡಿಸಿ, ಒಂದು ತುದಿಗೆ ದೈತ್ಯ ಫ್ಯಾನ್ ಇಟ್ಟು, ಗಾಳಿಯಿಂದಲೇ ಡಬ್ಬಿಯನ್ನ ತಳ್ಳಿಸಿ ತೋರಿಸಿದ. ಊದುಗೊಳವೆಯೊಳಗೆ ಬಟಾಣಿ ಕಾಳು ಹಾಕಿ ಊದಿದ ಹಾಗೆ. ಜನ ದುಡ್ಡು ಕೊಟ್ಟು ನೋಡಿದ್ರು, ಮುಂದಕ್ಕೆ ಹೋಗಲಿಲ್ಲ. ಅದಕ್ಕೂ ಮುಂಚೆ 1863ರಲ್ಲೇ ಲಂಡನ್ನಿನವರು ನೆಲದಡಿಯಲ್ಲಿ ಉಗಿಬಂಡಿ ಓಡಿಸಿದ್ರು. ಹೊಗೆಯಲ್ಲಿ ಉಸಿರುಗಟ್ಟಿಸ್ಕೊಂಡು ಪ್ರಯಾಣ. ಆ ಕಾಲದಲ್ಲಿ ಸುರಂಗದ ಗಾಳಿ ಅಂದ್ರೆ ಚಿಂತೆ ಒಂದೇ: ಉಸಿರಾಡೋಕೆ ಆಗುತ್ತಾ ಇಲ್ವಾ. ಕೊಂಕಣ ರೈಲ್ವೆಯಲ್ಲೂ ರತ್ನಗಿರಿ ಹತ್ತಿರದ 6.5 ಕಿ.ಮೀ. ಉದ್ದದ ಕರ್ಬುಡೆ ಸುರಂಗಕ್ಕೆ ಡೀಸೆಲ್ ಹೊಗೆ ಹೊರಗೆ ಹಾಕೋಕೆ ಫ್ಯಾನ್ ಬೇಕಾಯ್ತು.

ಭಾಗ 4 (ಚಿಕ್ಕದು, ಆದ್ರೆ ಓದ್ಲೇಬೇಕು)

ಹುಣಸೂರು, ಪಿರಿಯಾಪಟ್ಟಣದವರಿಗೆ ಹೊಗೆಸೊಪ್ಪಿನ ಬ್ಯಾರನ್ ಗೊತ್ತು. ಬಿಸಿಗಾಳಿ ಮೇಲಕ್ಕೆ ಏರುತ್ತೆ, ಕೆಳಗಿನ ಕಿಂಡಿಯಿಂದ ತಣ್ಣನೆ ಗಾಳಿ ಒಳಗೆ ಬರುತ್ತೆ, ಮೇಲಿನ ಕಿಂಡಿಯಿಂದ ಹೋಗುತ್ತೆ. ಏರಿನಲ್ಲಿರೋ ಸುರಂಗವೂ ಮಲಗಿಸಿದ ಬ್ಯಾರನ್ ಥರ. ಒಳಗಿನ ಬಿಸಿಗೂ ಹೊರಗಿನ ಬಿಸಿಗೂ ವ್ಯತ್ಯಾಸ ಇದ್ರೆ ರೈಲೇ ಇಲ್ಲದಿದ್ರೂ ಗಾಳಿ ಹರೀತಾ ಇರುತ್ತೆ.

ಇದನ್ನ ಯಾಕೆ ಹೇಳಿದೆ ಅಂದ್ರೆ, "ಗ್ರೀನ್ ರೂಟ್ ಟ್ರೆಕ್" ಅಂತ ಎಡಕುಮೇರಿ ಹಳಿ ಮೇಲೆ ನಡೆಯೋಕೆ ನಮ್ಮ ಕಡೆಯಿಂದ್ಲೂ ಹುಡುಗರು ಹೋಗ್ತಾರೆ. ಅದಕ್ಕೆ ನಿಷೇಧ ಇದೆ. "ರೈಲು ಬಂದ್ರೆ ಗಾಳಿಯಲ್ಲೇ ಗೊತ್ತಾಗುತ್ತೆ ಬುಡಿ, ಗೋಡೆ ಗೂಡಿಗೆ ಸರಿದ್ರಾಯ್ತು" ಅನ್ನೋ ಮಾತು ನನ್ನ ಕಿವಿಗೂ ಬಿದ್ದಿದೆ. ಗೊತ್ತಾಗಲ್ಲ ಕಣ್ರಪ್ಪಾ. 30 ಕಿ.ಮೀ. ವೇಗದ ರೈಲು ಒತ್ತೋ ಗಾಳಿಗೂ ಸುರಂಗದ ತನ್ನದೇ ಗಾಳಿಗೂ ಕತ್ತಲಲ್ಲಿ ವ್ಯತ್ಯಾಸ ಹೇಳೋಕೆ ಆಗಲ್ಲ. ಆ ಗೂಡುಗಳು ಇರೋದು ಹಳಿ ಕೆಲಸದವರಿಗೆ. ಯಾವ ಗೂಡು ಎಲ್ಲಿದೆ ಅಂತ ಅವರ ಕಾಲಿಗೇ ಗೊತ್ತಿರುತ್ತೆ, ರೀಲ್ಸ್ ಮಾಡೋಕೆ ಹೋದವರಿಗೆ ಗೊತ್ತಿರಲ್ಲ.

ಭಾಗ 5

ಈಗ ಜಪಾನ್. ಅಲ್ಲಿಗೆ ಯಾಕೆ ಹೋಗ್ಬೇಕು ಅಂದ್ರೆ ವೇಗ ಹೆಚ್ಚಿದಾಗ ಸುರಂಗದ ಗಾಳಿ ಏನು ಮಾಡುತ್ತೆ ಅಂತ ಲೋಕಕ್ಕೆ ಮೊದಲು ಗೊತ್ತಾದದ್ದು ಅಲ್ಲಿ.

1964ರ ಅಕ್ಟೋಬರ್ 1ರಂದು ಟೋಕಿಯೋ–ಒಸಾಕಾ ನಡುವೆ ಶಿಂಕಾನ್ಸೆನ್ ಓಡಿತು. ವೇಗ ಗಂಟೆಗೆ 210 ಕಿ.ಮೀ. ಅದಕ್ಕೂ ಮುಂಚಿನ ಪರೀಕ್ಷೆಯ ಓಟದಲ್ಲೇ ಒಂದು ತೊಂದರೆ ಕಂಡಿತ್ತು. ರೈಲು ಸುರಂಗಕ್ಕೆ ಹೊಕ್ಕ ತಕ್ಷಣ ಕಿವಿ ನೋವು. ನಾವು ಮಡಿಕೇರಿ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಳ್ಳೋದು ನಿಧಾನಕ್ಕೆ, ಉಗುಳು ನುಂಗಿದ್ರೆ ಸರಿ ಹೋಗುತ್ತೆ. ಅಲ್ಲಿ ಅದೇ ಒತ್ತಡ ಒಂದೆರಡು ಸೆಕೆಂಡಲ್ಲಿ ಬಡಿಯುತ್ತೆ, ನುಂಗೋಕೆ ಸಮಯ ಎಲ್ಲಿದೆ? ಅದಕ್ಕೆ ಬೋಗಿಯನ್ನೇ ಗಾಳಿಯಾಡದ ಹಾಗೆ ಮುಚ್ಚಿದ್ರು. ಆದ್ರೆ ಮೊದಮೊದಲು ಮುಚ್ಚಿದ್ದು ಜನ ಕೂರುವ ಭಾಗ ಮಾತ್ರ, ಶೌಚಾಲಯ ಬಿಟ್ಟಿದ್ರು. ಸುರಂಗ ಬಂದಾಗ ಒಳಗೆ ಕೂತವರ ಗತಿ ಏನಾಯ್ತು, ಯಾವುದು ಯಾವ ಕಡೆಗೆ ಚಿಮ್ಮಿತು ಅನ್ನೋದನ್ನ ನಿಮ್ಮ ಊಹೆಗೇ ಬಿಡ್ತೀನಿ 🙏 ಆಮೇಲೆ ಅದನ್ನೂ ಮುಚ್ಚಿದ್ರು.

ಟಿಕೆಟ್ ತಗೊಂಡವರ ಕಿವಿ ಉಳೀತು. ಗಾಳಿ ಮಾತ್ರ ಎಲ್ಲೂ ಹೋಗಿರಲಿಲ್ಲ. ಅದು ಸುರಂಗದ ಇನ್ನೊಂದು ತುದಿಗೆ ಹೋಗ್ತಾ ಇತ್ತು.

ಭಾಗ 6

ಹಳಿ 1972ರಲ್ಲಿ ಒಕಾಯಾಮಾವರೆಗೆ, 1975ರಲ್ಲಿ ಹಕಾತಾವರೆಗೆ ಬೆಳೀತು. ಬೆಟ್ಟದ ನಾಡು, ಹೊಸ ಭಾಗದಲ್ಲಿ ಅರ್ಧಕ್ಕರ್ಧ ಸುರಂಗ. ಜಲ್ಲಿ ಹಾಸೋ ಬದಲು ಕಾಂಕ್ರೀಟ್ ಹಲಗೆ ಮೇಲೆ ಹಳಿ ಕೂರಿಸಿದ್ರು, ನಿರ್ವಹಣೆ ಸುಲಭ ಅಂತ. ಆಗಲೇ ಸುರಂಗದ ಬಾಯಿಯ ಹತ್ತಿರದ ಊರುಗಳಿಂದ ದೂರು ಬಂದದ್ದು: ರೈಲು ಇನ್ನೂ ಹೊರಗೇ ಬಂದಿರಲ್ಲ, "ಢಂ" ಅಂತ ಸದ್ದಾಗುತ್ತೆ, ಮನೆ ಕಿಟಕಿ ಬಾಗಿಲು ಗಡಗಡ ಅಂತವೆ.

ಏನಾಗ್ತಿತ್ತು ಅಂದ್ರೆ, ರೈಲಿನ ಮೂತಿ ಸುರಂಗಕ್ಕೆ ಹೊಕ್ಕ ಕ್ಷಣ ಮುಂದಿನ ಗಾಳಿ ಒತ್ತಿಕೊಂಡು ಒಂದು ಅಲೆ ಏಳುತ್ತೆ. ಆ ಅಲೆ ಓಡೋದು ಶಬ್ದದ ವೇಗದಲ್ಲಿ, ಸೆಕೆಂಡಿಗೆ ಸುಮಾರು 340 ಮೀಟರ್. 1 ಕಿ.ಮೀ. ಸುರಂಗವನ್ನ 3 ಸೆಕೆಂಡಲ್ಲಿ ದಾಟುತ್ತೆ. ಗಂಟೆಗೆ 300 ಕಿ.ಮೀ. ರೈಲಿಗೇ ಅದಕ್ಕೆ 12 ಸೆಕೆಂಡ್ ಬೇಕು. ದಾರಿಯಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತೆ. ಅಲೆಯ ಮುಂಭಾಗ ಹೋದ ದಾರಿಯಲ್ಲಿ ಗಾಳಿ ಒತ್ತಿ, ಬಿಸಿಯಾಗಿ, ಮುಂದಕ್ಕೆ ಸರೀತಿರುತ್ತೆ. ಹಾಗಾಗಿ ಹಿಂಭಾಗ ಇನ್ನೂ ವೇಗವಾಗಿ ಓಡಿ ಮುಂಭಾಗವನ್ನ ಹಿಡಿಯೋಕೆ ನೋಡುತ್ತೆ. ಮೊದಲು ಇಳಿಜಾರಿನಂತಿದ್ದ ಅಲೆ ಬರಬರುತ್ತಾ ಗೋಡೆಯಂತೆ ಕಡಿದಾಗುತ್ತೆ. ಸಣ್ಣ ಸುರಂಗದಲ್ಲಿ ಅದಕ್ಕೆ ಪುರುಸೊತ್ತಿಲ್ಲ, ಉದ್ದ ಸುರಂಗದಲ್ಲಿ ಇದೆ. ಜಲ್ಲಿ ಇದ್ದಿದ್ರೆ ಕಲ್ಲಿನ ಸಂದುಗೊಂದಿಗಳು ಸ್ವಲ್ಪ ಹೀರ್ಕೋತಿದ್ವು, ನುಣುಪಾದ ಕಾಂಕ್ರೀಟ್ ಹೀರಲ್ಲ. ಕೊನೆಗೆ ಆ ಗೋಡೆ ಸುರಂಗದ ಬಾಯಿಗೆ ಬಂದು ಒಮ್ಮೆಲೇ ಬಯಲಿಗೆ ಬಿಡುಗಡೆ ಆದಾಗ ಢಂ!

ಪಿರಿಯಾಪಟ್ಟಣದಾಚೆ ಕೊಡಗು, ಮಲೆನಾಡಿನ ಕಡೆ ಮಕ್ಕಳ ಬಿದಿರಿನ ಪೆಟ್ಲು ನೋಡಿದ್ದೀರಾ? ಕೊಳವೆಯ ತುದಿಗೆ ಒಂದು ಕಾಯಿ ತುರುಕಿ, ಹಿಂದಿನಿಂದ ಇನ್ನೊಂದು ಕಾಯಿಯನ್ನ ಕೋಲಿನಲ್ಲಿ ತಳ್ಳಿದ್ರೆ, ನಡುವಿನ ಗಾಳಿ ಒತ್ತಿ ಮುಂದಿನ ಕಾಯಿ ಟಪ್ ಅಂತ ಹಾರುತ್ತೆ. ಸುರಂಗದ ತುದಿಗೆ ಕಾಯಿ ಇಲ್ಲ ಅನ್ನೋದು ಬಿಟ್ರೆ ಗಾಳಿ ಒತ್ತೋ ಆಟ ಅದೇ.

ಈಗ ಆ 30ಕ್ಕೆ ಬರೋಣ. ಸುರಂಗದೊಳಗಿನ ಒತ್ತಡ ಹೆಚ್ಚೂಕಮ್ಮಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. ಬಾಯಿಯಲ್ಲಿ ಕೇಳೋ ಢಂ ಸದ್ದಿನ ಒತ್ತಡ, ಸುರಂಗ ತೀರಾ ಉದ್ದ ಇಲ್ಲದಿದ್ರೆ, ಘನದ ಲೆಕ್ಕದಲ್ಲಿ. ಸಕಲೇಶಪುರದ 30ರಿಂದ ಶಿಂಕಾನ್ಸೆನ್‌ನ 300ಕ್ಕೆ ವೇಗ ಹತ್ತು ಪಟ್ಟು. ಅಂದ್ರೆ ಮೊದಲನೆಯದು ನೂರು ಪಟ್ಟು, ಎರಡನೆಯದು ಸಾವಿರ ಪಟ್ಟು! ನಮ್ಮ ಘಾಟಿಯ 57 ಸುರಂಗದಲ್ಲಿ ಒಂದೂ ಗುಡುಗದೆ ಇರೋದಕ್ಕೆ ಕಾರಣ ಇಷ್ಟೇ. ಮಕ್ಕಳ ಕೂಗು ಬಿಟ್ರೆ ಬೇರೆ ಸದ್ದಿಲ್ಲ.

ಸುರಂಗದ ಅಗಲವೂ ಲೆಕ್ಕಕ್ಕೆ ಬರುತ್ತೆ. ಜಪಾನಿನವರು ಜೋಡಿ ಹಳಿಯ ಸುರಂಗವನ್ನ ಸುಮಾರು 64 ಚದರ ಮೀಟರ್‌ಗೆ ಕೊರೆದ್ರು. ಯುರೋಪಿನವರು ಆಮೇಲೆ 90–100ರಷ್ಟು ದೊಡ್ಡದಾಗಿ ಕೊರೆದದ್ದರಿಂದ ಬಹುಕಾಲ ಈ ಕಾಟ ಕಾಣಲಿಲ್ಲ. ನಮಗೆ ಬರಲ್ಲ ಅಂತ ಇದ್ದವರಿಗೆ 2006ರಲ್ಲಿ ತೆರೆದ ಜರ್ಮನಿಯ ನ್ಯೂರೆಂಬರ್ಗ್–ಇಂಗೋಲ್‌ಸ್ಟಾಟ್ ಮಾರ್ಗದ ಸುರಂಗಗಳಲ್ಲಿ ಕಾಂಕ್ರೀಟ್ ಹಾಸು ಹಾಕಿದ ಮೇಲೆ ಅದೇ ಢಂ ಕೇಳಿಸ್ತು. ಶಬ್ದ ಹೀರೋ ಹಲಗೆಗಳನ್ನ ಒಳಗೆ ಹಾಸಬೇಕಾಯ್ತು.

ಭಾಗ 7

ಪರಿಹಾರದ ಕಥೆ ಇನ್ನೂ ಚೆನ್ನಾಗಿದೆ. ಸದ್ದು ಬರೋದು ರೈಲು ಹೊರಬೀಳೋ ಬಾಯಲ್ಲಿ, ಮದ್ದು ಹಾಕೋದು ಒಳಹೋಗೋ ಬಾಯಲ್ಲಿ. ಪ್ರವೇಶದ ಮುಂದೆ ಸುರಂಗಕ್ಕಿಂತ ಅಗಲವಾದ, ಪಕ್ಕದಲ್ಲಿ ಕಿಂಡಿ ಇರೋ ಒಂದು ಚಪ್ಪರ ಕಟ್ತಾರೆ, ಹುಡ್ ಅಂತಾರೆ. ರೈಲು ಒಮ್ಮೆಲೇ ಇಕ್ಕಟ್ಟಿಗೆ ನುಗ್ಗದೆ ಮೊದಲು ಸಡಿಲ ಜಾಗಕ್ಕೆ, ಆಮೇಲೆ ಬಿಗಿ ಜಾಗಕ್ಕೆ ಹೋಗುತ್ತೆ. ಒತ್ತಡ ನಿಧಾನಕ್ಕೆ ಏರುತ್ತೆ, ಅಲೆ ಹುಟ್ಟುವಾಗಲೇ ಇಳಿಜಾರಾಗಿ ಹುಟ್ಟುತ್ತೆ.

ಇನ್ನೊಂದು ದಾರಿ ರೈಲಿನ ಮೂತಿಯನ್ನೇ ತೀಡೋದು. 1990ರ ದಶಕದಲ್ಲಿ ಪಶ್ಚಿಮ ಜಪಾನಿನ ರೈಲ್ವೆ 300 ಕಿ.ಮೀ. ವೇಗದ 500 ಸರಣಿ ಕಟ್ಟುವಾಗ ಅದರ ಎಂಜಿನಿಯರ್ ಎಯ್ಜಿ ನಕಾತ್ಸು ಹಕ್ಕಿ ನೋಡೋ ಹುಚ್ಚಿನವರು. ಬೇರೆ ಬೇರೆ ಆಕಾರದ ಗುಂಡುಗಳನ್ನ ಕೊಳವೆಯೊಳಗೆ ಹೊಡೆದು ಒತ್ತಡ ಅಳೆದಾಗ ಗೆದ್ದ ಆಕಾರ ಮಿಂಚುಳ್ಳಿಯ ಕೊಕ್ಕಿಗೆ ಹತ್ತಿರ ಇತ್ತು ಅಂತ ಅವರೇ ಹೇಳಿದ್ದಾರೆ. ಗಾಳಿಯಿಂದ ನೀರಿಗೆ, ಅಂದ್ರೆ ಹಗುರದಿಂದ ಭಾರಕ್ಕೆ, ಹನಿ ಚಿಮ್ಮದ ಹಾಗೆ ಧುಮುಕೋ ಹಕ್ಕಿ. ಹುಣಸೂರಿನ ಲಕ್ಷ್ಮಣತೀರ್ಥದ ದಡದಲ್ಲಿ, ಕಬಿನಿ ಹಿನ್ನೀರಿನ ಒಣಕೊಂಬೆ ಮೇಲೆ ನಾವು ನೋಡೋ ಹಕ್ಕಿಯ ಬಳಗವೇ. (ಎರಡನೇ ಫೋಟೋ ಕಬಿನಿಯದು, ಸ್ವೈಪ್ ಮಾಡಿ.)

ಈ ಕಥೆಯನ್ನ ಎಲ್ಲ ಮೋಟಿವೇಶನ್ ವಿಡಿಯೋದವರೂ "ಹಕ್ಕಿ ನೋಡಿ ಬುಲೆಟ್ ರೈಲು ಕಂಡುಹಿಡಿದ್ರು" ಅಂತ ಮುಗಿಸಿಬಿಡ್ತಾರೆ. ಮುಂದಿನದ್ದು ಹೇಳಲ್ಲ. 1997ರಲ್ಲಿ ಓಡಿದ ಆ ರೈಲಿನ ಮೂತಿ 15 ಮೀಟರ್ ಉದ್ದ. ಮೊದಲ ಬೋಗಿಯ ಅರ್ಧಕ್ಕಿಂತ ಹೆಚ್ಚು ಅದೇ ತಿಂದಿತು. ಸೀಟು ಕಡಿಮೆ, ಒಂದು ಬಾಗಿಲೂ ಕಡಿಮೆ. 2010ರಲ್ಲಿ ಅದನ್ನ ಟೋಕಿಯೋದ ಮುಖ್ಯ ಓಟದಿಂದ ತೆಗೆದ್ರು. ಅಷ್ಟರಲ್ಲಿ 2007ರಲ್ಲಿ ಬಂದಿದ್ದ ಎನ್700 ಸುಮಾರು 10.7 ಮೀಟರ್ ಮೂತಿಯಲ್ಲೇ 300 ಕಿ.ಮೀ. ಓಡ್ತಿತ್ತು, ಮೂತಿ ಬಾತುಕೋಳಿ ಥರ ಚಪ್ಪಟೆ. ಚೆಂದ ಹೋಯ್ತು, ಸೀಟು ಬಂತು.

ಭಾಗ 8, ಕೊನೇದು

ನಮ್ಮ ದೇಶದಲ್ಲಿ ಈ ಪಾಠ ಕಲಿತಿದ್ದಾರಾ? ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ ಮೊದಲ ಬೆಟ್ಟದ ಸುರಂಗವನ್ನ ಗುಜರಾತಿನ ವಲ್ಸಾಡ್ ಜಿಲ್ಲೆಯ ಜರೋಲಿ ಹತ್ತಿರ 2023ರಲ್ಲಿ ಕೊರೆದು ಮುಗಿಸಿದ್ರು. ಉದ್ದ ಬರೀ 350 ಮೀಟರ್, ಆದ್ರೂ ಬಾಯಿಗೆ ಹುಡ್ ವಿನ್ಯಾಸದಲ್ಲೇ ಸೇರಿದೆ. ಇದು ಒಳ್ಳೇ ಸುದ್ದಿ. ಜಪಾನಿನ ಹಳ್ಳಿಯವರು ದೂರು ಕೊಟ್ಟು ಗಳಿಸಿದ್ದು ಜರೋಲಿಯವರಿಗೆ ಕೇಳದೆ ಸಿಕ್ತು.

ಚೆನ್ನೈ–ಬೆಂಗಳೂರು–ಮೈಸೂರು ಹೈಸ್ಪೀಡ್ ಮಾರ್ಗ, ಸುಮಾರು 435 ಕಿ.ಮೀ., ಇನ್ನೂ ಪ್ರಸ್ತಾವ. ನಮ್ಮ ನಾಲ್ಕು ತಾಲ್ಲೂಕಿಗೆ ಬರೋದೇ ಇಲ್ಲ, ಮೈಸೂರಲ್ಲೇ ಮುಗಿಯುತ್ತೆ. ಹುಣಸೂರು, ಪಿರಿಯಾಪಟ್ಟಣದ ಮೇಲೆ ಹೋಗಬೇಕಾದ ಸುಮಾರು 87 ಕಿ.ಮೀ. ಮೈಸೂರು–ಕುಶಾಲನಗರ ಮಾರ್ಗದ ಬಗ್ಗೆ ನಮ್ಮಜ್ಜನ ಕಾಲದಿಂದ ಕೇಳ್ತಾ ಬಂದಿದ್ದೀವಿ. ಅದರ ದಾರಿ ಬಹುಪಾಲು ಬಯಲು, ಅಲ್ಲಿ ಗಾಳಿಯ ತಕರಾರು ಹುಟ್ಟಲ್ಲ.

ಎಚ್.ಡಿ.ಕೋಟೆಯದು ಬೇರೆ. ಕೇರಳದಿಂದ ತಲಶ್ಶೇರಿ–ಮೈಸೂರು, ನೀಲಂಬೂರು–ನಂಜನಗೂಡು ಹಳಿಯ ಮಾತು ಎದ್ದಾಗಲೆಲ್ಲ ನಾಗರಹೊಳೆ, ಬಂಡೀಪುರ ಅಡ್ಡ ಬರುತ್ತೆ. ಆಗ ಒಂದು ಸುಲಭದ ಉತ್ತರ ಬರುತ್ತೆ: ಕಾಡಿನ ಕೆಳಗೆ ಸುರಂಗ ಮಾಡಿಬಿಡೋಣ, ಮೇಲೆ ಆನೆ, ಕೆಳಗೆ ರೈಲು, ಇಬ್ಬರಿಗೂ ತೊಂದರೆ ಇಲ್ಲ. ನಕ್ಷೆಯಲ್ಲಿ ಚೆನ್ನಾಗೇ ಕಾಣುತ್ತೆ.

ಹೆದರಿಸೋಕೆ ನಾನು ಬರೀತಿಲ್ಲ. ಅಂಥ ಹಳಿಯಲ್ಲಿ ರೈಲು ಗಂಟೆಗೆ 100ರ ಆಸುಪಾಸಿನಲ್ಲಿ ಓಡಿದ್ರೆ ಜಪಾನಿನ ಢಂ ಆಗಲ್ಲ, ಲೆಕ್ಕ ಮೇಲೆಯೇ ಇದೆ. ಆದ್ರೆ ಉದ್ದ ಸುರಂಗಕ್ಕೆ ಒಳಗಿನ ಬಿಸಿ, ಬೆಂಕಿ ಬಿದ್ದರೆ ಹೊಗೆ, ರೈಲು ತಳ್ಳೋ ಗಾಳಿ, ಎಲ್ಲಕ್ಕೂ ಹೊರದಾರಿ ಬೇಕು. ಫ್ಯಾನ್ ಬೇಕು, ಎಷ್ಟೋ ಕಡೆ ಮೇಲಕ್ಕೆ ತೆರೆಯೋ ಬಾವಿಯಂಥ ಕಿಂಡಿಗಳು ಬೇಕು. ಕಾಡಿನ ಕೆಳಗೆ ಹೋಗೋ ಸುರಂಗದ ಕಿಂಡಿ ಕಾಡಿನೊಳಗೇ ತಾನೇ ತೆರೆಯಬೇಕು? ಇನ್ನು ಸುರಂಗ ಎಷ್ಟೇ ಆಳ ಇರಲಿ, ಅದಕ್ಕೆ ಎರಡು ಬಾಯಿ ಇದ್ದೇ ಇರುತ್ತೆ. ನಾಳೆ ಯಾರಾದ್ರೂ ಅದೇ ದಾರಿಯಲ್ಲಿ ವೇಗ 200ಕ್ಕೆ ಏರಿಸೋಣ ಅಂದಾಗ ಬಾಯಿ ಎಲ್ಲಿದೆ ಅನ್ನೋದೇ ಎಲ್ಲಾ ಆಗುತ್ತೆ. ಕಾಡಂಚಿನ ಹಾಡಿಯ ಪಕ್ಕವಾ, ಆನೆ ನೀರಿಗಿಳಿಯೋ ದಾರಿಯಲ್ಲಾ, ಯಾರ ಹತ್ತಿ ಹೊಲದ ಅಂಚಿನಲ್ಲಿ?

ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದಾಗ ನೀರು ಎಲ್ಲಿವರೆಗೆ ನಿಲ್ಲುತ್ತೆ ಅಂತ ನಕ್ಷೆಯಲ್ಲಿತ್ತು. ಮುಳುಗೋ ಊರಿನವರಿಗೆ ಅದು ಅರ್ಥ ಆದದ್ದು ನೀರು ಹೊಸ್ತಿಲಿಗೆ ಬಂದಾಗ. ನಾಗರಹೊಳೆಯ ಜೇನುಕುರುಬರನ್ನ ಕಾಡಿನಿಂದ ಹೊರಗೆ ಕಳಿಸಿದಾಗಲೂ ಗೆರೆ ಎಳೆದವರು ಬೇರೆ, ಗೆರೆ ಮೇಲೆ ಬದುಕಿದ್ದವರು ಬೇರೆ. ಜಪಾನಿನಲ್ಲೂ ಹಾಗೇ ಆಯ್ತಲ್ಲ. ಬೋಗಿಯೊಳಗಿನ ಕಿವಿಗೆ ಮದ್ದು ರೈಲು ಓಡೋಕೆ ಮೊದಲೇ ಸಿಕ್ತು, ಸುರಂಗದ ಬಾಯಿಯ ಮನೆಗಳಿಗೆ ಕಿಟಕಿ ಅಲುಗಿದ ಮೇಲೆ. ಹಾಗಾಗಿ ಕಾಡಿನ ಸುರಂಗದ ಸುದ್ದಿ ಮತ್ತೆ ಬಂದಾಗ ಎಷ್ಟು ಕೋಟಿ, ಎಷ್ಟು ಗಂಟೆ ಉಳಿತಾಯ ಅಂತ ಮಾತ್ರ ಓದಿ ಮುಂದೆ ಸ್ಕ್ರೋಲ್ ಮಾಡ್ಬೇಡಿ. ಬಾಯಿ ಯಾವ ಸರ್ವೆ ನಂಬರಲ್ಲಿ, ಕಿಂಡಿ ಎಷ್ಟು, ಎಲ್ಲೆಲ್ಲಿ ಅಂತ ಕೇಳಿ.

ಸಕಲೇಶಪುರ ಘಾಟಿಯಲ್ಲಿ ಗ್ಯಾಂಗ್‌ಮನ್ ಆಗಿ ದುಡಿದವರು, ಸುರಂಗ ಕೊರೆಯುವಾಗ ಕೂಲಿಗೆ ಹೋಗಿದ್ದವರು ನಿಮ್ಮ ಮನೆಯಲ್ಲೋ ಊರಲ್ಲೋ ಇದ್ರೆ ಅವರ ಮಾತು ಕೇಳಿ ಬರೆದು ಕಳಿಸಿ. ರೈಲು ಬರುವಾಗ ಗೂಡಿನಲ್ಲಿ ನಿಂತವರಿಗೆ ಗಾಳಿ ಮೊದಲು ತಾಗ್ತಿತ್ತಾ, ಹಳಿ ಮೊದಲು ಅಲುಗ್ತಿತ್ತಾ, ಅವರ ಬಾಯಿಂದಲೇ ಕೇಳೋ ಆಸೆ.

ಮುಂದಿನ ಸರಣಿ: ಎಡತೊರೆ ಕೃಷ್ಣರಾಜನಗರ ಆದ ಕಥೆ.

#ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ #ಸಕಲೇಶಪುರಘಾಟಿ #ರೈಲಿನಕಥೆ